ರಂಗೋಲಿಯಲ್ಲಿ ಬರೆದ ಊರು

ಕುಣಿಮಗ್ಗಕ್ಕೆ ಕೂತವರ ಅರ್ಧ ಮೈ ನೆಲದೊಳಗೆ ಇರುತ್ತದೆ. ಬಾಗಲಕೋಟೆ ಜಿಲ್ಲೆಯ ಗುಡೂರಿನ ನೇಕಾರರ ಓಣಿಯಲ್ಲಿ ಮಗ್ಗದ ಮನೆಯ ಹೊಸ್ತಿಲು ದಾಟಿದರೆ ಮೊದಲು ಕಾಣುವುದು ಇದೇ ನೋಟ. ಪಡಸಾಲೆಯ ನೆಲವನ್ನೇ ಅಗೆದು ಮಾಡಿದ ಕುಣಿ, ಅದರೊಳಗೆ ಇಳಿಬಿಟ್ಟ ಕಾಲು, ಪಾದದಡಿ ಏರಿಳಿಯುವ ತುಳಿಹಲಗೆ, ಎದೆಯ ಮುಂದೆ ಬಿಗಿಯಾಗಿ ಎಳೆದ ಹಾಸು. ಒಂದು ಕೈ ಹಗ್ಗ ಜಗ್ಗುತ್ತದೆ, ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ಇನ್ನೊಂದು ಕೈ ಹೊಕ್ಕಿನ ಎಳೆಯನ್ನು ಬಡಿದು ಕೂರಿಸುತ್ತದೆ. ಬಂದವರಿಗೆ "ಬರ್ರಿ, ಕುಂದರ್ರಿ" ಎನ್ನುವಾಗಲೂ ಲಾಳಿ ನಿಲ್ಲುವುದಿಲ್ಲ. ನಿಂತರೆ ಆ ಹೊತ್ತಿನ ಕೂಲಿ ನಿಲ್ಲುತ್ತದೆ. ಬೆಳಕು ಬರುವುದು ಮಗ್ಗದ ಮಗ್ಗುಲಿನ ಸಣ್ಣ ಕಿಟಕಿಯಿಂದ. ಎಳೆ ಹರಿದಾಗ ನೇಕಾರ ಆ ಬೆಳಕಿನ ಕಡೆಗೆ ಬಾಗಿ, ತಪ್ಪಿದ ತುದಿಯನ್ನು ಬೆರಳಲ್ಲೇ ಹುಡುಕಿ, ಹೊಸೆದು ಸೇರಿಸುತ್ತಾನೆ.

ಒಳಗಿನ ಕೋಣೆಯಲ್ಲಿ ರಾಟಿ ತಿರುಗುತ್ತಿರುತ್ತದೆ. ಕಂಡಿಕೆಗೆ ನೂಲು ಸುತ್ತುವವಳು ಅಜ್ಜಿ, ಇಲ್ಲವೇ ಸೊಸೆ, ಇಲ್ಲವೇ ಶಾಲೆ ಬಿಟ್ಟು ಬಂದ ಹುಡುಗಿ. ಇಲ್ಲಿ ನೇಯುವ ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸೂ ಬೇರೆ ಬೇರೆ. ಅವನ್ನು ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಈ ಕೊಂಡಿಯ ಕಾರಣದಿಂದಲೇ ಹತ್ತಾರು ಸೀರೆಗೆ ಸಾಕಾಗುವ ಉದ್ದದ ಹಾಸನ್ನು ಒಮ್ಮೆಗೇ ಹೂಡಲು ಬರುವುದಿಲ್ಲ. ಒಂದೊಂದು ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು. ಟೋಪ್ ತೆನಿ ಸೆರಗಿನ ಮೂರು ಕೆಂಪು ಪಟ್ಟಿ, ಅವುಗಳ ನಡುವಿನ ಎರಡು ಬಿಳಿ ಪಟ್ಟಿ ನಮ್ಮ ಕಣ್ಣಿಗೆ ಬೀಳುತ್ತವೆ. ಸಾವಿರಾರು ಎಳೆಗಳಿಗೆ ಕೊಂಡಿ ಹಾಕಿದ ಬೆರಳು ಕಣ್ಣಿಗೆ ಬೀಳುವುದಿಲ್ಲ. ಮಗ್ಗದ ಮುಂಚಿನ ಈ ಕೆಲಸ ಬಹುಪಾಲು ಹೆಣ್ಣುಮಕ್ಕಳದ್ದು. 2019-20ರ ನಾಲ್ಕನೆಯ ಕೈಮಗ್ಗ ಗಣತಿ ದೇಶದಲ್ಲಿ 35.22 ಲಕ್ಷ ನೇಕಾರರು ಮತ್ತು ಪೂರಕ ಕೆಲಸಗಾರರನ್ನು ಲೆಕ್ಕ ಹಾಕಿತು. ಅವರಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ಮಹಿಳೆಯರು.

ಮಗ್ಗದ ಮೇಲಿನ ಗೂಡಿನಲ್ಲಿ ಬಣ್ಣದ ಲಡಿಗಳ ಪಕ್ಕ ಕಾಲೇಜಿನ ರೆಕಾರ್ಡ್ ಪುಸ್ತಕ ಕಂಡರೆ ಅದು ಮಗಳದ್ದು. ಈ ಬರಹ ಹುಟ್ಟಿದ್ದು ಆ ಲಡಿ ಮತ್ತು ಆ ಪುಸ್ತಕದ ನಡುವೆ. ಎರಡೂ ಒಂದೇ ಗೂಡಿನಲ್ಲಿವೆ. ಆದರೆ ಆ ಪುಸ್ತಕವನ್ನು ಕೊಟ್ಟ ವಿದ್ಯಾಸಂಸ್ಥೆ ಈ ಲಡಿಯನ್ನು ಎಂದಾದರೂ ಕೈಯಲ್ಲಿ ಹಿಡಿದಿದೆಯೇ?

ಗುಡೂರು ಈಗ ಇಳಕಲ್ ತಾಲ್ಲೂಕಿನದು, ಮೊದಲು ಹುನಗುಂದದ್ದು. ಇಳಕಲ್, ಅಮೀನಗಡ, ಸೂಳೇಭಾವಿ, ಕಮತಗಿ, ಗುಳೇದಗುಡ್ಡಗಳ ಮಗ್ಗದ ನಾಡಿನಲ್ಲಿ ಇದೂ ಒಂದು. ಒಂದು ಕಡೆ ಸೀರೆ, ಇನ್ನೊಂದು ಕಡೆ ಗುಳೇದಗುಡ್ಡದ ಖಣ. ತೇರು, ಸೂಜಿಮಲ್ಲಿಗೆ, ಆನೆಹೆಜ್ಜೆ ಎಂದು ಖಣದ ವಿನ್ಯಾಸಗಳನ್ನು ಹೆಸರು ಹಿಡಿದು ಕರೆಯುವ ಜನ ಇವರು. ಮಲಪ್ರಭೆಯ ದಂಡೆಯ ಐಹೊಳೆ ಇಲ್ಲಿಂದ ದೂರವಲ್ಲ. ಚಾಲುಕ್ಯರ ಕಾಲದ ಶಿಲ್ಪಿಗಳು ಅಲ್ಲಿ ಒಂದು ಗುಡಿ ಕಟ್ಟಿ, ಇನ್ನೊಂದರಲ್ಲಿ ಚಾವಣಿ ಬದಲಿಸಿ, ಮತ್ತೊಂದರಲ್ಲಿ ಶಿಖರ ಏರಿಸಿ ನೋಡಿದರು. ಕಟ್ಟುತ್ತಲೇ ಕಲಿಯುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಸುತ್ತ ಮಳೆ ನಂಬಿದ ಹೊಲ. ಜೋಳ, ಸಜ್ಜೆ, ಕಡಲೆ, ಸೂರ್ಯಕಾಂತಿ. ಬೋರ್‌ವೆಲ್ಲಿಗೆ ನೀರು ಬಿದ್ದ ಕಡೆ ದಾಳಿಂಬೆ, ಉಳ್ಳಾಗಡ್ಡಿ. ಹೊಲವಿಲ್ಲದವರಿಗೆ ಮಗ್ಗ, ಮಗ್ಗವೂ ಇಲ್ಲದವರಿಗೆ ದುಡಿಯಲು ದೂರದ ಊರು.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಿಂತರೆ ಊರಿನ ಇನ್ನೊಂದು ಮುಖ ಕಾಣುತ್ತದೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಸಮವಸ್ತ್ರ, ಬೆನ್ನಿಗೆ ಚೀಲ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಕೊಡಬೇಕಿಲ್ಲ. ಪಿಯುಸಿ ಮುಗಿಸಿದ ಮಗಳನ್ನು ಇಳಕಲ್ಲಿಗೋ ಬಾಗಲಕೋಟೆಗೋ ಕಳಿಸುವ ಮೊದಲು ಅಪ್ಪ ಹಾಕುತ್ತಿದ್ದ ಲೆಕ್ಕದಲ್ಲಿ ಒಂದು ಸಾಲು ಹೀಗೆ ಅಳಿಸಿಹೋಯಿತು. ಶಿಕ್ಷಣದ ಬಾಗಿಲು ತೆರೆಯುವ ಮಾತು ಬಂದಾಗ ನನಗೆ ನೆನಪಾಗುವುದು ದೊಡ್ಡ ದೊಡ್ಡ ವರದಿಗಳಲ್ಲ, ಈ ಬಸ್ಸಿನ ಬಾಗಿಲು. ಆದರೆ ಬಸ್ಸು ಹೊರಟ ಮೇಲೆ ನಿಲ್ದಾಣದಿಂದ ಮನೆ ಕಡೆ ತಿರುಗಿದವರೂ ಇರುತ್ತಾರೆ. ತಮ್ಮನನ್ನು ನೋಡಿಕೊಳ್ಳಬೇಕಾದ ಅಕ್ಕ, ಹತ್ತನೆಯ ತರಗತಿಯ ಗಣಿತಕ್ಕೇ ಓದು ನಿಂತ ಹುಡುಗ, ಮದುವೆ ಗೊತ್ತಾದವಳು. ಅವರನ್ನು ಬಸ್ಸು ಕರೆದೊಯ್ಯುವುದಿಲ್ಲ. ಅವರಿದ್ದಲ್ಲಿಗೆ ವಿದ್ಯೆಯೇ ಬರಬೇಕು.

ಬರಲು ದಾರಿಗಳಂತೂ ಇವೆ. ಬಾಗಲಕೋಟೆಯ ಉದ್ಯಾನಗಿರಿಯಲ್ಲಿ 2008ರಲ್ಲಿ ಹುಟ್ಟಿದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಜಮಖಂಡಿಯಲ್ಲಿ 2023ರಲ್ಲಿ ಶುರುವಾದ ಬಾಗಲಕೋಟೆ ವಿಶ್ವವಿದ್ಯಾಲಯವಿದೆ. ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವಕ್ಕೆ ಸೇರಿಸಬೇಕೆಂಬ ಮಾತು 2025ರಲ್ಲಿ ಎದ್ದಾಗ ಅದರ ಹೆಸರೂ ಕೇಳಿಬಂತು. ಚರ್ಚೆಯೆಲ್ಲ ಹಣ, ಹುದ್ದೆ, ಜಮೀನಿನ ಸುತ್ತ ನಡೆಯಿತು. ಮಗ್ಗದ ಮನೆಗೊಂದು, ಕುರಿಹಟ್ಟಿಗೊಂದು ಹಾದಿ ಮಾಡಿಕೊಂಡ ವಿಶ್ವವಿದ್ಯಾಲಯವಾದರೆ ಅದನ್ನು ಮುಚ್ಚುವ ಮಾತು ಬಂದ ದಿನ ಹಳ್ಳಿಯ ಜನವೇ ಎದ್ದು ನಿಲ್ಲುತ್ತಾರೆ ಎಂದು ನಾನು ನಂಬಿದ್ದೇನೆ. ಗದಗಿನ ಬಳಿಯ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಷಯಕ್ಕೇ ಮೀಸಲಾದ ವಿಶ್ವವಿದ್ಯಾಲಯವಿದೆ. 2016ರ ಕಾಯ್ದೆಯಿಂದ ಬಂದ ಅದರ ಆವರಣದಲ್ಲಿ ಗಾಂಧೀಜಿಯ ಸಾಬರಮತಿ ಆಶ್ರಮದ ಪ್ರತಿರೂಪವನ್ನು ಕಟ್ಟಿದ್ದಾರೆ. ಗುಡೂರಿನಿಂದ ಗಜೇಂದ್ರಗಡದ ಕಡೆ ಹೊರಟರೆ ಮುಂದೆ ಗದಗ ಸಿಗುತ್ತದೆ. ಹಾದಿ ಎರಡೂ ಕಡೆಯಿಂದ ನಡೆಯುವಂಥದ್ದು.

ಇವುಗಳಲ್ಲಿ ತೋಟಗಾರಿಕೆಯ ಹುಡುಗ ಹುಡುಗಿಯರು ಹಳ್ಳಿಗೆ ಬರುವ ರೀತಿ ನನಗೆ ಬಹಳ ಇಷ್ಟ. ಪದವಿಯ ಕೊನೆಯ ವರ್ಷ ಅವರು ಕೆಲವು ತಿಂಗಳು ಹಳ್ಳಿಗಳಲ್ಲಿ ಉಳಿಯುತ್ತಾರೆ. ಗ್ರಾಮೀಣ ಕಾರ್ಯಾನುಭವ ಎಂದು ಅದರ ಹೆಸರು. ಹಳ್ಳಿಯ ಒಂದು ಬಾಡಿಗೆ ಮನೆ, ಸಮುದಾಯ ಭವನ, ಇಲ್ಲವೇ ಶಾಲೆಯ ಕೋಣೆ. ರೈತರ ಹೊಲಕ್ಕೆ ಬೆಳಗಿನ ಹೊತ್ತು ಹೋಗುವುದು, ಮಧ್ಯಾಹ್ನ ಟಿಪ್ಪಣಿ ಬರೆಯುವುದು, ಸಂಜೆ ಕಟ್ಟೆಯ ಮೇಲೆ ಹಿರಿಯರ ಜತೆ ಕೂರುವುದು. ಬೀಜೋಪಚಾರ ತೋರಿಸುತ್ತಾರೆ, ಎರೆಗೊಬ್ಬರದ ತೊಟ್ಟಿ ಕಟ್ಟುತ್ತಾರೆ, ದಾಳಿಂಬೆಗೆ ಹತ್ತುವ ದುಂಡಾಣು ಅಂಗಮಾರಿಯ ಬಗ್ಗೆ ಹೇಳುತ್ತಾರೆ. ಇಷ್ಟೆಲ್ಲದರ ನಡುವೆ ಒಂದು ದಿನ ಊರಿನ ನಕ್ಷೆ ಬರೆಯುತ್ತಾರೆ.

ಆ ದಿನದ ನೋಟವೇ ಬೇರೆ. ಗುಡಿಯ ಮುಂದೆಯೋ ಶಾಲೆಯ ಬಯಲಿನಲ್ಲೋ ನೆಲ ಗುಡಿಸಿ ನೀರು ಚಿಮುಕಿಸುತ್ತಾರೆ. ರಂಗೋಲಿ ಪುಡಿಯಿಂದ ದಾರಿ, ನೀಲಿ ಪುಡಿಯಿಂದ ಕೆರೆ ಮತ್ತು ಹಳ್ಳ, ಹಸಿರಿನಿಂದ ತೋಟ, ಇಟ್ಟಿಗೆ ಪುಡಿಯಿಂದ ಮನೆ. ಬೇವಿನ ಟೊಂಗೆ ಚುಚ್ಚಿದರೆ ಅದು ಮರ. ಮೊದಲು ದೂರ ನಿಂತು ನೋಡುತ್ತಿದ್ದ ಮುದುಕನೊಬ್ಬ ತಡೆಯಲಾರದೆ ಕೋಲಿನಿಂದ ತೋರಿಸುತ್ತಾನೆ: "ಹಳ್ಳ ಹಂಗ ಹೋಗಂಗಿಲ್ಲ ತಮ್ಮಾ, ಹಿಂಗ ತಿರಗತೈತಿ." ವಿದ್ಯಾರ್ಥಿ ಅಳಿಸಿ ಮತ್ತೆ ಎಳೆಯುತ್ತಾನೆ. ಆ ಕ್ಷಣ ಯಾರು ಮೇಷ್ಟ್ರು, ಯಾರು ವಿದ್ಯಾರ್ಥಿ ಎಂಬುದು ಅದಲುಬದಲಾಗುತ್ತದೆ. ಹಳ್ಳಿಯವರೇ ತಮ್ಮ ಊರನ್ನು ನೆಲದ ಮೇಲೆ ಬರೆದು ತಾವೇ ಅಳೆಯುವ ಈ ವಿಧಾನವನ್ನು 1980ರ ದಶಕದ ಕೊನೆಯಿಂದ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿತು. ಅದಕ್ಕೆ ಜಗತ್ತಿನಾದ್ಯಂತ ದನಿ ಕೊಟ್ಟ ಬ್ರಿಟನ್ನಿನ ವಿದ್ವಾಂಸ ರಾಬರ್ಟ್ ಚೇಂಬರ್ಸ್, ಕಟ್ಟಕಡೆಯವರನ್ನು ಮೊದಲು ಇಡಬೇಕೆಂದು 1983ರಲ್ಲೇ ಪುಸ್ತಕ ಬರೆದಿದ್ದರು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಬೆನ್ನಿಗಿರುವ ಮಾತೂ ಅದೇ: ಯಾರನ್ನೂ ಹಿಂದೆ ಬಿಡಬಾರದು.

ನಕ್ಷೆ ಮುಗಿಯುತ್ತದೆ. ಪ್ರಾಧ್ಯಾಪಕರು ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಹಾಳೆಗೆ ಇಳಿಸಿಕೊಳ್ಳುತ್ತಾರೆ. ಸಂಜೆಯೊಳಗೆ ಆಡುಗಳು ಬೇವಿನ ಸೊಪ್ಪು ತಿನ್ನುತ್ತವೆ, ಗಾಳಿ ಪುಡಿಯನ್ನು ಹಾರಿಸುತ್ತದೆ. ಹಾಳೆ ವರದಿಯೊಳಗೆ ಸೇರಿ ಬಾಗಲಕೋಟೆಗೆ ಹೋಗುತ್ತದೆ. ಊರನ್ನು ಬರೆದುಕೊಟ್ಟ ಊರಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇದಕ್ಕೆ ವಿದ್ಯಾರ್ಥಿಗಳನ್ನು ದೂರುವಂತಿಲ್ಲ; ಅಂಕ ಸಿಗುವುದು ವರದಿಗೆ. ನನ್ನ ಬೇಡಿಕೆ ಒಂದೇ. ಆ ನಕ್ಷೆ ಊರಿನಲ್ಲಿ ಉಳಿಯಬೇಕು. ಪಂಚಾಯಿತಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದು, ಬರೆಸಿದವರ ಹೆಸರು ಕೆಳಗೆ ಹಾಕಿ, ಗ್ರಾಮಸಭೆಯ ದಿನ ಅದರ ಮುಂದೆ ನಿಂತು ಮುಂದಿನ ವರ್ಷದ ಯೋಜನೆ ಮಾತಾಡುವಂತಾಗಬೇಕು.

ಗುಡೂರನ್ನು ಹೀಗೆ ಬರೆಯುವುದಾದರೆ ಎಂದು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಹಗಲು ಹನ್ನೊಂದು ಗಂಟೆಗೆ ಬಯಲಿಗೆ ಕರೆದರೆ ಬರುವವರು ಬಿಡುವಿದ್ದ ಗಂಡಸರು ಮಾತ್ರ. ನೇಕಾರ ಕುಣಿಯಿಂದ ಮೇಲೇಳುವುದು ಕತ್ತಲಾದ ಮೇಲೆ. ಅವನ ಹೆಂಡತಿಗೆ ಬಿಡುವಾಗುವುದು ರೊಟ್ಟಿ ಬಡಿದು ಮುಗಿಸಿದ ನಂತರ. ಗುಡಿಯ ಮುಂದೆ ಬರೆದರೆ ಎಲ್ಲ ಓಣಿಯವರೂ ಒಂದೇ ಸಮ ಬಂದು ನಿಲ್ಲುತ್ತಾರೆಯೇ ಎಂಬ ಪ್ರಶ್ನೆಯನ್ನು ನಮ್ಮ ಯಾವ ಹಳ್ಳಿಯಲ್ಲೂ ತೇಲಿಸಿಬಿಡುವಂತಿಲ್ಲ. ಬರೆಯುವ ಜಾಗ, ಬರೆಯುವ ಹೊತ್ತು ಇವೆರಡೇ ಯಾರು ಒಳಗೆ, ಯಾರು ಹೊರಗೆ ಎಂದು ಅರ್ಧ ತೀರ್ಮಾನಿಸಿಬಿಡುತ್ತವೆ. ಆದ್ದರಿಂದ ಶಾಲೆಯ ಬಯಲು, ರಾತ್ರಿ ಊಟದ ನಂತರ, ದೊಡ್ಡ ದೀಪದ ಬೆಳಕಿನಲ್ಲಿ. ಒಂದೇ ನಕ್ಷೆ ಸಾಲದು, ಹಲವು ಬೇಕು.

ನೇಕಾರ ಬರೆದರೆ ಸದ್ದು ಮಾಡುವ ಮಗ್ಗಗಳು ಕೆಂಪು, ನಿಂತುಹೋದ ಮಗ್ಗಗಳು ಇದ್ದಿಲು ಕಪ್ಪು. ಯಾವ ಓಣಿಯಲ್ಲಿ ಕಪ್ಪು ಚುಕ್ಕೆ ಹೆಚ್ಚು ಎಂದು ಕಂಡ ಕೂಡಲೇ ಜನ ಮಾತಾಡಲು ಶುರುಮಾಡುತ್ತಾರೆ: ಯಾರು ಯಾವಾಗ ಬಿಟ್ಟರು, ಮಗ ಎಲ್ಲಿಗೆ ಹೋದ, ಕುಣಿಯನ್ನು ಮುಚ್ಚಿ ನೆಲಕ್ಕೆ ಯಾವ ಕಲ್ಲು ಹಾಸಿದರು. ಕೊಂಡಿ ಹಾಕುವ ಹೆಂಗಸು ಬರೆದರೆ ನೀರಿನ ನಲ್ಲಿ, ಹಿಟ್ಟಿನ ಗಿರಣಿ, ಬೀದಿದೀಪ ಇಲ್ಲದ ತಿರುವು, ಬಯಲಿಗೆ ಹೋಗುವ ಕತ್ತಲ ದಾರಿ. ಕಾಲೇಜಿನ ಹುಡುಗಿಯ ನಕ್ಷೆಯ ನಡುವೆ ಬಸ್ ನಿಲ್ದಾಣವಿದ್ದರೆ, ಸುತ್ತ ಮೊಬೈಲ್ ಸಿಗ್ನಲ್ ಸಿಗುವ ಮಾಳಿಗೆಗಳು. ಕುರಿಗಾಹಿ ಊರಿನ ಮನೆಗಳನ್ನು ಒಂದು ಮೂಲೆಗೆ ಸರಿಸಿ ಗುಡ್ಡ, ಹುಲ್ಲು, ಕುರಿ ತರುಬುವ ಹೊಲಗಳನ್ನೇ ದೊಡ್ಡದಾಗಿ ಎಳೆಯುತ್ತಾನೆ. ಕಾಲು ಇಲ್ಲದವರು, ಕಣ್ಣು ಕಾಣದವರು ಹೇಳಿ ಬರೆಸಿದರೆ ನಕ್ಷೆಯ ತುಂಬ ಮೆಟ್ಟಿಲುಗಳೇ. ಪಂಚಾಯಿತಿಗೆ ಇಷ್ಟು, ಬ್ಯಾಂಕಿಗೆ ಇಷ್ಟು, ದವಾಖಾನೆಗೆ ಇಷ್ಟು. ಎಲ್ಲರನ್ನೂ ಒಳಗೊಳ್ಳುವ ಕಲಿಕೆ ಎಂದು ಸಭೆಗಳಲ್ಲಿ ಹೇಳುವುದು ಈ ಮೆಟ್ಟಿಲುಗಳನ್ನು ಎಣಿಸುವುದರಿಂದಲೇ ಆರಂಭವಾಗಬೇಕು.

ಋತುವಿನ ಪಟ್ಟಿಯೂ ಹಾಗೆಯೇ. ರೈತನಿಗೆ ಮಳೆ ಬಂದರೆ ಹಬ್ಬ. ಮಗ್ಗದ ಮನೆಯಲ್ಲಿ ಮಳೆ ಹಿಡಿದರೆ ನೆಲ ಜಿನುಗಿ ಕುಣಿಗೆ ನೀರು ಬರುತ್ತದೆ, ನೂಲು ತೇವ ಹಿಡಿಯುತ್ತದೆ, ಗಂಜಿ ಹಾಕಿದ ಹಾಸು ಒಣಗುವುದಿಲ್ಲ. ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ, ಮದುವೆಯ ಹಂಗಾಮಿಗೆ ಸೀರೆ; ಅದರ ನಡುವಿನ ತಿಂಗಳುಗಳು ಬಿಗಿ. ಹಿರಿಯರು ಊರಿನ ಕಾಲರೇಖೆ ಎಳೆದರೆ 1972ರ ಬರ ಬರುತ್ತದೆ, 1997ರಲ್ಲಿ ವಿಜಾಪುರದಿಂದ ಒಡೆದು ಬಾಗಲಕೋಟೆ ಜಿಲ್ಲೆಯಾದದ್ದು ಬರುತ್ತದೆ, ಮಲಪ್ರಭೆ ಉಕ್ಕಿ ಐಹೊಳೆ, ಪಟ್ಟದಕಲ್ಲಿನ ಅಂಗಳಕ್ಕೆ ನುಗ್ಗಿದ 2019 ಬರುತ್ತದೆ, ಸೀರೆಗಳು ಮಾರಾಟವಾಗದೆ ಟ್ರಂಕಿನಲ್ಲೇ ಕೂತ 2020 ಬರುತ್ತದೆ. ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಚರಿತ್ರೆ. ಇದನ್ನು ಬರೆದುಕೊಂಡ ಇತಿಹಾಸದ ವಿದ್ಯಾರ್ಥಿಗೆ ಆಮೇಲೆ ಗ್ರಂಥಾಲಯದ ಪುಸ್ತಕಗಳೂ ಬೇರೆಯಾಗಿ ಕಾಣುತ್ತವೆ.

ವಿಶ್ವವಿದ್ಯಾಲಯ ಕೊಡಬಹುದಾದದ್ದೂ ಕಡಿಮೆಯಿಲ್ಲ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯು ಸೀರೆಯಂಥ 11 ಬಗೆಯ ನೇಯ್ಗೆಗಳನ್ನು ಕೈಮಗ್ಗಕ್ಕೆ ಕಾದಿರಿಸಿದೆ. ವಿದ್ಯುತ್ ಮಗ್ಗದಲ್ಲಿ ನೇಯ್ದ ನಕಲಿಯನ್ನು ಕೈಮಗ್ಗದ ಹೆಸರಿನಲ್ಲಿ ಮಾರುವವರ ಎದುರು ನೇಕಾರ ಏನು ಮಾಡಬಹುದು, ಎಲ್ಲಿ ದೂರು ಕೊಡಬಹುದು ಎಂದು ಮಗ್ಗದ ಪಕ್ಕ ಕೂತು ಹೇಳಲು ಕಾನೂನು ಓದುವವರು ಬೇಕು. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಆದರೆ ಅದರ ರಕ್ಷಣೆ ಕೈಗೆ ಬರಬೇಕಾದರೆ ನೇಯುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಆ ಅರ್ಜಿ ತುಂಬುವುದು ವಾಣಿಜ್ಯ ವಿದ್ಯಾರ್ಥಿಗೆ ಒಂದು ಮಧ್ಯಾಹ್ನದ ಕೆಲಸ, ನೇಕಾರನಿಗೆ ಹತ್ತಲಾರದ ಗುಡ್ಡ. ಸಮುದಾಯದೊಡನೆ ಒಡನಾಟಕ್ಕೆಂದೇ ಎರಡು ಕ್ರೆಡಿಟ್ಟಿನ ಪಾಠವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ರೂಪಿಸಿದೆ. ಆ ಕ್ರೆಡಿಟ್ಟಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಎಲ್ಲಿದೆ? ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನಗಟ್ಟಲೆ ಕೂತವರ ಸೊಂಟ, ಮೊಣಕಾಲು, ಕಣ್ಣು ಕೇಳುವ ಪ್ರಶ್ನೆಗಳಿಗೆ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ಸೇರಿ ಉತ್ತರ ಹುಡುಕಬೇಕು. ಗದಗಿನಲ್ಲಿ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯೇ ಇದೆ.

ಬಸ್ಸು ಹತ್ತದೆ ಉಳಿದವರಿಗೂ ಒಂದು ದಾರಿ ಇದೆ. 2016ರ ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದಂದು ಕೇಂದ್ರ ಜವಳಿ ಸಚಿವಾಲಯವು ಇಗ್ನೋ ಮುಕ್ತ ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಜತೆ ಒಪ್ಪಂದ ಮಾಡಿಕೊಂಡಿತು. ನೇಕಾರರು ಮತ್ತು ಅವರ ಮಕ್ಕಳು ಮಗ್ಗ ಬಿಡದೆ ಓದು ಮುಂದುವರಿಸಬಹುದು. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಡತನ ರೇಖೆಯ ಕೆಳಗಿನವರು ಮತ್ತು ಮಹಿಳೆಯರಿಗೆ ಶುಲ್ಕದ ಶೇ 75ರಷ್ಟನ್ನು ಸಚಿವಾಲಯ ಭರಿಸುತ್ತದೆ. ಈ ಸುದ್ದಿ ಮಗ್ಗದ ಮನೆಗೆ ತಲುಪಿಸಲು ಭಿತ್ತಿಪತ್ರ ಸಾಲದು. ಪಂಚಾಯಿತಿ ಗ್ರಂಥಾಲಯಗಳು ಈಗ ರಾಜ್ಯದಲ್ಲಿ ಅರಿವು ಕೇಂದ್ರಗಳಾಗಿವೆ. ಮಕ್ಕಳಿಗಾಗಿ 2020ರಲ್ಲಿ ಓದುವ ಬೆಳಕು ಕಾರ್ಯಕ್ರಮವೂ ಬಂತು. ಅಲ್ಲಿ ವಾರಕ್ಕೊಂದು ಸಂಜೆ ಕಾಲೇಜಿನ ಹುಡುಗಿಯೊಬ್ಬಳು ಕೂತು, ತನ್ನ ಓಣಿಯ ಅಕ್ಕಂದಿರ ಅರ್ಜಿ ತುಂಬಿ, ಬಿಟ್ಟುಹೋದ ಗಣಿತವನ್ನು ಮತ್ತೆ ಹೇಳಿಕೊಟ್ಟರೆ, ಅದಕ್ಕೆ ಅವಳ ಕಾಲೇಜು ಅಂಕ ಕೊಟ್ಟರೆ, ಹೊರಗಿನಿಂದ ಯಾರೂ ಬರಬೇಕಾಗಿಲ್ಲ. ವಿಶ್ವವಿದ್ಯಾಲಯ ಗುಡೂರಿಗೆ ಆಗಲೇ ಬಂದಿರುತ್ತದೆ, ಅದೇ ಊರಿನ ಮಗಳ ರೂಪದಲ್ಲಿ.

ಕೊಡುವುದಕ್ಕಿಂತ ಕೇಳಲು ಬರುವುದೇ ಕಷ್ಟ. ಈ ಸೀಮೆಗೆ ಕೇಳುವ ಒಂದು ದೊಡ್ಡ ಮಾದರಿ ಇದೆ. ಇಳಕಲ್ಲಿನ ಮಠದ ಸ್ವಾಮೀಜಿ ಮಹಾಂತ ಅಪ್ಪಗಳು ಮನೆಮನೆಗೆ ಜೋಳಿಗೆ ಹಿಡಿದು ಹೋದರು. ದವಸ ಬೇಡಲಿಲ್ಲ, ನಿಮ್ಮ ದುಶ್ಚಟಗಳನ್ನು ಇದರೊಳಗೆ ಹಾಕಿ ಎಂದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ವಿದ್ವಾಂಸರೂ ಹೀಗೆ ಒಂದು ಖಾಲಿ ಜೋಳಿಗೆ ಹಿಡಿದು ಬಂದು, ನಿಮಗೆ ಗೊತ್ತಿರುವುದನ್ನು ಇದರಲ್ಲಿ ಹಾಕಿ ಎಂದು ಕೇಳಬೇಕು. ಇದು ಆಗದ ಮಾತಲ್ಲ. ನೆರೆಯ ತೆಲುಗಿನಲ್ಲಿ ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿ ಹಳ್ಳಿಹಳ್ಳಿಯಿಂದ ಒಕ್ಕಲುತನದ ಮಾತುಗಳನ್ನು ಸಂಗ್ರಹಿಸಿ ವೃತ್ತಿ ಪದಕೋಶ ತಂದರು. ಆ ಮಾಲೆಯ ಎರಡನೆಯ ಸಂಪುಟ ಪೂರ್ತಿ ಕೈಮಗ್ಗದ್ದು. ಬಂಗಾಳದಲ್ಲಿ ರವೀಂದ್ರನಾಥ ಠಾಕೂರರು 1922ರಲ್ಲಿ ಸುರುಲ್ ಹಳ್ಳಿಯಲ್ಲಿ ಶ್ರೀನಿಕೇತನ ಆರಂಭಿಸಿದಾಗ ನೇಯ್ಗೆ, ಒಕ್ಕಲುತನ, ಆರೋಗ್ಯ ಎಲ್ಲವೂ ವಿದ್ಯೆಯ ಭಾಗವಾದವು. ನಮ್ಮ ಸೀರೆಯ ಚಿಕ್ಕಿ, ಗೋಮಿ ದಡಿಗಳ ಲೆಕ್ಕ, ಕೊಂಡಿಯ ಕ್ರಮ, ಬಣ್ಣದ ಪಾಕ ಎಲ್ಲ ಇನ್ನೂ ಕೆಲವರ ಬೆರಳು ಮತ್ತು ನೆನಪಿನಲ್ಲಿವೆ. ಅವರಿಗೆ ವಯಸ್ಸಾಗುತ್ತಿದೆ. ಅವರನ್ನು ಕಾಲೇಜಿಗೆ ಗೌರವಧನ ಕೊಟ್ಟು ಕರೆಸಿ, ತರಗತಿಯಲ್ಲಿ ಕುರ್ಚಿ ಕೊಟ್ಟು, ಪಾಠ ಹೇಳಿಸಬೇಕು. ಸನ್ಮಾನ ಮಾಡಿ ಶಾಲು ಹೊದಿಸಿ ಕಳಿಸುವುದು ಸಾಲದು. ಆ ಶಾಲನ್ನು ನೇಯುವುದು ಅವರಿಗೇ ಗೊತ್ತು.

ಮತ್ತೆ ತೋಟಗಾರಿಕೆಯವರ ಬಳಿಗೆ ಬರುತ್ತೇನೆ. ಆ ವಿಶ್ವವಿದ್ಯಾಲಯ ಭಾಗ್ಯ ಎಂಬ ನುಗ್ಗೆ ತಳಿಯನ್ನು ಕೊಟ್ಟಿದೆ. ಹೊಲವಿಲ್ಲದ ಮಗ್ಗದ ಮನೆಗೆ ಹಿತ್ತಲಿನ ಒಂದು ನುಗ್ಗೆ ದೊಡ್ಡ ಆಸರೆ. ಸಾರಿಗೆ ಕಾಯಿ, ಪಲ್ಯಕ್ಕೆ ಸೊಪ್ಪು, ಆಡಿಗೆ ಟೊಂಗೆ. ಸಸಿ ಹಿಡಿದು ಬಂದ ವಿದ್ಯಾರ್ಥಿ ಗೋಡೆಯ ಪಕ್ಕ ಗುಂಡಿ ತೋಡಲು ಹೊರಟರೆ ನೇಕಾರ ತಡೆದೇ ತಡೆಯುತ್ತಾನೆ. ಆ ಗೋಡೆಯಲ್ಲಿ ಮಗ್ಗದ ಕಿಟಕಿ ಇದೆ. ಅಲ್ಲಿ ಮರ ಬೆಳೆದರೆ ಬೆಳಕು ಹೋಯಿತು, ಬೆಳಕು ಹೋದರೆ ಹರಿದ ಎಳೆ ಕಾಣದು. ಬಚ್ಚಲ ನೀರು ಹರಿದುಹೋಗುವ ಹಿಂಬದಿಗೆ ಸಸಿ ಸರಿಯುತ್ತದೆ. ಅಲ್ಲಿ ನೀರು ಹಾಕುವ ಕೆಲಸವೂ ತಪ್ಪುತ್ತದೆ. ಹಿತ್ತಲೇ ಇಲ್ಲದ ಮನೆಯವರು ಸಸಿಯನ್ನು ಎಲ್ಲಿಡಬೇಕು, ಶಾಲೆಯ ಬೇಲಿಯಲ್ಲೋ ಪಂಚಾಯಿತಿ ಜಾಗದಲ್ಲೋ, ಅದರ ಕಾಯಿ ಯಾರಿಗೆ ಸೇರಬೇಕು ಎಂಬ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಆ ಮಾತು ಒಂದು ಹಂಗಾಮಿನಲ್ಲಿ ಮುಗಿಯುವುದಿಲ್ಲ. ಮುಂದಿನ ವರ್ಷದ ತಂಡ ಅದೇ ಊರಿಗೆ ಬಂದು, ಗೋಡೆಯ ನಕ್ಷೆಯ ಮುಂದೆ ನಿಂತು, ಹೋದ ವರ್ಷದವರು ನೆಟ್ಟ ಗಿಡಗಳಲ್ಲಿ ಯಾವುದು ಬದುಕಿದೆ, ಕಪ್ಪು ಚುಕ್ಕೆಗಳಲ್ಲಿ ಯಾವುದು ಕೆಂಪಾಗಿದೆ, ಮೆಟ್ಟಿಲಿದ್ದಲ್ಲಿ ಇಳಿಜಾರು ಕಟ್ಟಿದ್ದಾರೆಯೇ ಎಂದು ಊರವರನ್ನೇ ಕೇಳಿ ತಿದ್ದಿಸಿಕೊಳ್ಳಬೇಕು. ಅಂಕವನ್ನು ಆ ತಿದ್ದುಪಡಿಗೆ ಕೊಡಲಿ.